‘ಅಪಾಚೆ’ ಯಾರದು? ಶ್ಯಾಡೋಸ್–ವೆಂಚರ್ಸ್ ವಾದದ ಕುರಿತು ಸ್ಪಷ್ಟನೆ

ಅಮೆರಿಕದ ಗಿಟಾರ್ ವಾದ್ಯತಂಡವಾದ ವೆಂಚರ್ಸ್, ಬ್ರಿಟನ್ನಿನ ಅಂಥದೇ ತಂಡವಾದ ಶ್ಯಾಡೋಸ್ ನುಡಿಸಿದ ‘ಅಪಾಚೆ’ ಎಂಬ ಗಿಟಾರ್ ಕೃತಿಯನ್ನು ಕೇಳಿ ತನ್ನ ಶೈಲಿಯನ್ನು ರೂಪಿಸಿಕೊಂಡಿತು ಎಂದು ಬ್ರಿಟಿಷ್ ಅಭಿಮಾನಿಗಳೂ, ಅದಕ್ಕೆ ತದ್ವಿರುದ್ಧವಾದುದನ್ನು ಅಮೆರಿಕದವರೂ ಹೇಳುತ್ತಿದ್ದಾರೆ. ಎರಡೂ ಸರಿಯಲ್ಲ. ವೆಂಚರ್ಸ್‌ಗೆ ಹೆಸರು ತಂದ ‘ವಾಕ್, ಡೋಂಟ್ ರನ್’ ಮತ್ತು ಶ್ಯಾಡೋಸ್‌ನ ‘ಅಪಾಚೆ’ ಎರಡೂ 1960ರ ಬೇಸಿಗೆಯಲ್ಲಿ, ಸಾಗರದ ಆಚೀಚೆ, ಏಕಕಾಲಕ್ಕೆ ಜನಪ್ರಿಯವಾದುದರಿಂದ ಒಂದು ಇನ್ನೊಂದರ ನಕಲಾಗಿರಲು ಅವಕಾಶವೇ ಇರಲಿಲ್ಲ.

ಇವೆರಡೂ ಆಯಾ ತಂಡಗಳ ಸ್ವಂತ ರಚನೆಗಳೂ ಅಲ್ಲ. ಮೊದಲನೆಯದು ಜಾಝ್ ಗಿಟಾರ್ ವಾದಕ ಜಾನಿ ಸ್ಮಿತ್ ಅವರದು. ವೆಂಚರ್ಸ್‌ಗಿಂತ ಮುಂಚೆಯೇ ಗಿಟಾರ್ ವಾದಕ ಚೆಟ್ ಆಟ್ಕಿನ್ಸ್ ಅದನ್ನು ನುಡಿಸಿದ್ದರು. ‘ಅಪಾಚೆ’ಯನ್ನು ರಚಿಸಿದವರು ಜೆರ್ರಿ ಲಾರ್ಡನ್, ಮೊದಲು ಧ್ವನಿಮುದ್ರಿಸಿದವರು ಗಿಟಾರ್ ವಾದಕ ಬರ್ಟ್ ವೀಡನ್.

ಶ್ಯಾಡೋಸ್‌ನದು ‘ಅಪ್ಪಟ ಬ್ರಿಟಿಷ್ ನಾದ’ ಎಂಬ ಹೆಮ್ಮೆಯ ಮಾತನ್ನಂತೂ ಸ್ವಲ್ಪ ಬಿಡಿಸಿ ನೋಡಬೇಕು. ತಂಡದ ಮುಖ್ಯ ಗಿಟಾರ್ ವಾದಕ ಹ್ಯಾಂಕ್ ಮಾರ್ವಿನ್ ಕೈಯಲ್ಲಿದ್ದ ಕೆಂಪು ಸ್ಟ್ರಾಟೋಕಾಸ್ಟರ್ ಎಲೆಕ್ಟ್ರಿಕ್ ಗಿಟಾರ್, ಗಾಯಕ ಕ್ಲಿಫ್ ರಿಚರ್ಡ್ 1959ರಲ್ಲಿ ಅಮೆರಿಕದ ಫೆಂಡರ್ ಕಂಪನಿಯಿಂದ ತರಿಸಿಕೊಟ್ಟದ್ದು. ಸ್ವರವನ್ನು ತೂಗಿಸುವ ಅದರ ಸನ್ನೆಕೋಲಿನ ಜೊತೆಗೆ ಪ್ರತಿಧ್ವನಿ ಮೂಡಿಸುವ ಇಟಲಿಯ ಮೆಯಾಟ್ಸಿ ಯಂತ್ರವೂ ಸೇರಿ ಆ ನಾದ ಹುಟ್ಟಿತು. ವಾಕ್ಸ್ ಆಂಪ್ಲಿಫೈಯರ್ ಮಾತ್ರ ಬ್ರಿಟನ್ನಿನದೇ.

ಇನ್ನು, 1961ರಲ್ಲಿ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿದ ‘ಅಪಾಚೆ’ಯ ಇನ್ನೊಂದು ಧ್ವನಿಮುದ್ರಣವನ್ನು ಅಮೆರಿಕದ ಗೆಲುವೆಂದು ಎಣಿಸುವವರು ಗಮನಿಸಬೇಕಾದ ಸಂಗತಿಯೆಂದರೆ, ಅದನ್ನು ನುಡಿಸಿದ ಯೋರ್ಗೆನ್ ಇಂಗ್‌ಮನ್ ಡೆನ್ಮಾರ್ಕಿನವರು.