ಲ್ಯಾಂಬೆತ್‌ನ ವೋಟು ನಮ್ಮದೂ ಹೌದು

ಭಾನುವಾರ ಲಂಡನ್ನಿನ ಲ್ಯಾಂಬೆತ್‌ನಲ್ಲಿ, ಹೊಳೆ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ಗೆ ಹೋಗಿದ್ದೆ. ಬೆಂಗಳೂರಿನಿಂದ ಹೊಸದಾಗಿ ಬಂದಿರುವ ಎರಡು ಕುಟುಂಬಗಳಿಗೆ ಬಸವಣ್ಣನ ಪುತ್ಥಳಿ ತೋರಿಸಬೇಕಿತ್ತು. ಇಲ್ಲೇ ಏಳೆಂಟು ವರ್ಷದಿಂದ ಇರುವ ಗೆಳೆಯರೂ ಜೊತೆಗಿದ್ದರು. ಥೇಮ್ಸ್ ನದಿಯ ಮೇಲಿಂದ ಬರುವ ಗಾಳಿಗೆ ಕೈ ಮರಗಟ್ಟುತ್ತಿತ್ತು. ಆದರೂ ಎಲ್ಲರೂ ಫೋಟೋ ತೆಗೆಸಿಕೊಂಡರು. ಒಬ್ಬ ಗೆಳೆಯರು ಮಕ್ಕಳನ್ನು ಸುತ್ತ ನಿಲ್ಲಿಸಿಕೊಂಡು ಅನುಭವ ಮಂಟಪದ ಕಥೆ ಹೇಳಿದರು. ತುಂಬಾ ಚೆನ್ನಾಗಿ ಹೇಳಿದರು. ಬೇರೆ ಬೇರೆ ಕುಲದವರು, ಕಸುಬಿನವರು, ಹೆಂಗಸರು, ಗಂಡಸರು ಒಟ್ಟಿಗೆ ಕೂತು ಮಾತಾಡಿದ ಜಾಗ ಅದು ಅಂತ. ಹೊಳೆಯ ಆಚೆ ದಡದಲ್ಲಿ ಪಾರ್ಲಿಮೆಂಟ್ ಕಾಣುತ್ತಿತ್ತು. ನನಗೆ ಮನಸ್ಸು ತುಂಬಿ ಬಂತು.

ಆಮೇಲೆ ಕಾಫಿ ಕುಡಿಯುವಾಗ ಸುಮ್ನೆ ಕೇಳಿದೆ. "2026ರ ಮೇ 7ಕ್ಕೆ ಕೌನ್ಸಿಲ್ ಚುನಾವಣೆ ಇದೆ. ನಿಮ್ಮೆಲ್ಲರ ಹೆಸರು ಮತದಾರರ ಪಟ್ಟಿಯಲ್ಲಿ ಇದೆ ತಾನೆ?"

ಕೌನ್ಸಿಲ್ ಅಂದರೆ ನಮ್ಮ ಕಡೆಯ ಪಾಲಿಕೆ ಇದ್ದ ಹಾಗೆ. ನನ್ನನ್ನು ಬಿಟ್ಟು ಎಂಟು ಜನ ದೊಡ್ಡವರು ಇದ್ದರು. ಒಬ್ಬರ ಹೆಸರು ಮಾತ್ರ ಇತ್ತು. ಅವರೂ ಸೇರಿಸಿದ್ದು ಕ್ರೆಡಿಟ್ ಸ್ಕೋರ್ ಚೆನ್ನಾಗಿರಲಿ ಅಂತ. ಅನುಭವ ಮಂಟಪದ ಕಥೆ ಹೇಳಿದ ಗೆಳೆಯರೇ ಅಂದರು, "ಬಿಡಿ ಅಣ್ಣ, ಅದು ಕಸದ ಡಬ್ಬಿ ಎಲೆಕ್ಷನ್. ಅದಕ್ಕೂ ನಮಗೂ ಏನು ಸಂಬಂಧ?"

ಮನೆಗೆ ಬಂದ ಮೇಲೂ ಆ ಮಾತು ಕಿವಿಯಿಂದ ಹೋಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವರೂ ಓದುತ್ತಾರೆ, ಓದಲಿ.

ಮೊದಲು ಸಂಬಂಧ ಏನು ಅಂತ ಹೇಳಿಬಿಡುತ್ತೇನೆ. ಭಾರತ ಕಾಮನ್‌ವೆಲ್ತ್ ದೇಶ. ಹಾಗಾಗಿ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು, ವೀಸಾ ಮೇಲೆ ಇಲ್ಲಿ ವಾಸ ಇರುವವರು ಇಲ್ಲಿನ ಚುನಾವಣೆಗಳಲ್ಲಿ ವೋಟು ಹಾಕಬಹುದು. ಕೌನ್ಸಿಲ್‌ಗೂ ಹಾಕಬಹುದು, ಪಾರ್ಲಿಮೆಂಟ್‌ಗೂ ಹಾಕಬಹುದು. ಸ್ಟೂಡೆಂಟ್ ವೀಸಾ ಆದರೂ ಸರಿ, ವರ್ಕ್ ವೀಸಾ ಆದರೂ ಸರಿ. ಬ್ರಿಟಿಷ್ ಪೌರತ್ವ ಬೇಕಿಲ್ಲ. ಮತಗಟ್ಟೆಯಲ್ಲಿ ಫೋಟೋ ಇರುವ ಗುರುತಿನ ಚೀಟಿ ತೋರಿಸಬೇಕು, ಅದಕ್ಕೆ ನಮ್ಮ ಭಾರತದ ಪಾಸ್‌ಪೋರ್ಟೇ ಸಾಕು. ಇಷ್ಟು ಸಲೀಸಾಗಿ ಪರದೇಶದವರಿಗೆ ವೋಟು ಕೊಡುವ ದೇಶ ಎಷ್ಟಿವೆ ಹೇಳಿ. ಕೊಟ್ಟಿದ್ದನ್ನು ನಾವು ಮುಟ್ಟಿಯೂ ನೋಡುವುದಿಲ್ಲ.

ಇನ್ನು ಆ ಪುತ್ಥಳಿ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅದನ್ನು ಅನಾವರಣ ಮಾಡಿದ್ದು ಎಲ್ಲರಿಗೂ ನೆನಪಿದೆ. ಆದರೆ ಅದು ಇರುವುದು ಲ್ಯಾಂಬೆತ್ ಬರೋದ ನೆಲದಲ್ಲಿ. ಬರೋ ಅಂದರೆ ಲಂಡನ್ನಿನ ಒಂದು ಆಡಳಿತ ಭಾಗ. ಇಂಥ ಜಾಗದಲ್ಲಿ ಒಂದು ಮೂರ್ತಿ ಕೂರಬೇಕಾದರೆ ಬರೋ ಕೌನ್ಸಿಲ್ ಒಪ್ಪಬೇಕು. ಅದರ ಹಿಂದೆ ಓಡಾಡಿದ ಡಾಕ್ಟರ್ ನೀರಜ್ ಪಾಟೀಲ್ ಕಲಬುರಗಿ ಕಡೆಯವರು. ಲ್ಯಾಂಬೆತ್‌ನ ಕೌನ್ಸಿಲರ್ ಆಗಿದ್ದರು, 2010-11ರಲ್ಲಿ ಮೇಯರ್ ಆಗಿದ್ದರು. ಅಂದರೆ ಅವರನ್ನು ಒಂದು ವಾರ್ಡಿನ ಜನ ವೋಟು ಹಾಕಿ ಕಳಿಸಿದ್ದರು. ನಾವು ಸೆಲ್ಫಿ ತೆಗೆದುಕೊಳ್ಳುವ ಜಾಗದ ಹಿಂದೆ ಆ "ಕಸದ ಡಬ್ಬಿ ಎಲೆಕ್ಷನ್" ಇದೆ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಮಾಧಾನ ಆಗುವುದಿಲ್ಲ.

ಲಂಡನ್ನಿನ ಈಗಿನ 32 ಬರೋಗಳಿಗೆ ಮೊದಲ ಚುನಾವಣೆ ನಡೆದದ್ದು 1964ರ ಮೇನಲ್ಲಿ. ಹಳೇ ಲ್ಯಾಂಬೆತ್‌ಗೆ ಕ್ಲಾಪಮ್ ಮತ್ತು ಸ್ಟ್ರೆಟಮ್ ಸೇರಿಸಿ ಈಗಿನ ಲ್ಯಾಂಬೆತ್ ಮಾಡಿದರು. ಆ ಮೊದಲ ಚುನಾವಣೆಯಲ್ಲಿ ಬ್ರಿಕ್ಸ್‌ಟನ್‌ನ 21 ವರ್ಷದ ಹುಡುಗ ಒಬ್ಬ ಕನ್ಸರ್ವೇಟಿವ್ ಪಕ್ಷದಿಂದ ನಿಂತು ಸೋತ. 1968ರಲ್ಲಿ ಮತ್ತೆ ನಿಂತ. ಆ ವರ್ಷ ಲೇಬರ್ ಸರ್ಕಾರದ ಮೇಲೆ ಜನರಿಗೆ ಎಷ್ಟು ಸಿಟ್ಟಿತ್ತೆಂದರೆ, ಲ್ಯಾಂಬೆತ್‌ನ 60 ಸೀಟುಗಳಲ್ಲಿ 57 ಕನ್ಸರ್ವೇಟಿವ್ ಪಾಲಾದವು. ಲೇಬರ್‌ಗೆ ಉಳಿದದ್ದು ಮೂರು. ಈ ಹುಡುಗ ಲೇಬರ್‌ನ ಭದ್ರ ವಾರ್ಡ್ ಅನ್ನಿಸಿಕೊಂಡಿದ್ದ ಫರ್ನ್‌ಡೇಲ್‌ನಲ್ಲಿ ಗೆದ್ದ. ಹೌಸಿಂಗ್ ಕಮಿಟಿ ಅಧ್ಯಕ್ಷನಾದ. 1971ರಲ್ಲಿ ಗಾಳಿ ತಿರುಗಿತು, ಸೀಟು ಹೋಯಿತು. ಹೆಸರು ಜಾನ್ ಮೇಜರ್. 1990ರಲ್ಲಿ ಬ್ರಿಟನ್ ಪ್ರಧಾನಿ ಆದವರು ಇವರೇ.

ಅದೇ 1971ರಲ್ಲಿ ಲೇಬರ್‌ನಿಂದ ಗೆದ್ದು ಬಂದವರಲ್ಲಿ ಕೆನ್ ಲಿವಿಂಗ್‌ಸ್ಟನ್ ಇದ್ದರು. 2000ದಲ್ಲಿ ಅವರು ಇಡೀ ಲಂಡನ್‌ಗೆ ಜನರೇ ನೇರವಾಗಿ ಆರಿಸಿದ ಮೊದಲ ಮೇಯರ್ ಆದರು. 2006ರಿಂದ 2012ರವರೆಗೆ ಲ್ಯಾಂಬೆತ್ ಕೌನ್ಸಿಲ್‌ನ ಲೀಡರ್ ಆಗಿದ್ದ ಸ್ಟೀವ್ ರೀಡ್ 2025ರ ಸೆಪ್ಟೆಂಬರ್‌ನಲ್ಲಿ ಹೌಸಿಂಗ್ ಮತ್ತು ಸ್ಥಳೀಯ ಆಡಳಿತದ ಮಂತ್ರಿಯಾದರು. ದೇಶ ನಡೆಸುವವರು ಮೊದಲು ಪಾಠ ಕಲಿಯುವುದು ನಮ್ಮ ಬೀದಿಯ ವೋಟಿನಿಂದ. ಆ ಬೀದಿಯಲ್ಲಿ ಬಾಡಿಗೆ ಕಟ್ಟಿಕೊಂಡು, ಕೌನ್ಸಿಲ್ ಟ್ಯಾಕ್ಸ್ ಕಟ್ಟಿಕೊಂಡು ಇರುವ ನಾವು ಮಾತ್ರ ಅದರ ಲೆಕ್ಕದಲ್ಲೇ ಇಲ್ಲ.

"ಒಂದು ವೋಟಿನಿಂದ ಏನಾಗುತ್ತೆ" ಅಂತಲೂ ಒಬ್ಬರು ಕೇಳಿದರು. 1982ರ ಮೇ ತಿಂಗಳನ್ನು ನೋಡಿ. ಲ್ಯಾಂಬೆತ್‌ನದೇ ಭಾಗವಾದ ಬ್ರಿಕ್ಸ್‌ಟನ್‌ನಲ್ಲಿ ಗಲಭೆ ಆಗಿ ಒಂದು ವರ್ಷ ಕಳೆದಿತ್ತು. 64 ಸೀಟುಗಳಲ್ಲಿ ಲೇಬರ್‌ಗೆ 32. ಉಳಿದವರೆಲ್ಲ ಸೇರಿ 32. ಸರಿ ಅರ್ಧ! ಕನ್ಸರ್ವೇಟಿವ್‌ಗಳು ಅಧಿಕಾರ ಹಿಡಿದರು, ವರ್ಷ ತುಂಬುವ ಮೊದಲೇ ಅದು ಮತ್ತೆ ಲೇಬರ್ ಕೈಗೆ ಹೋಯಿತು. 1994ರಲ್ಲಿ ಲೇಬರ್ 24, ಲಿಬರಲ್ ಡೆಮಾಕ್ರಾಟ್ 24, ಕನ್ಸರ್ವೇಟಿವ್ 16. 2002ರಲ್ಲಿ 63 ಸೀಟು, ಲೇಬರ್ 28, ಲಿಬರಲ್ ಡೆಮಾಕ್ರಾಟ್ 28, ಕನ್ಸರ್ವೇಟಿವ್ 7. ಮೂರು ಸಲ ತಕ್ಕಡಿ ಸಮಕ್ಕೆ ಬಂದು ನಿಂತಿತ್ತು. ಯಾವುದೋ ಒಂದು ವಾರ್ಡಿನಲ್ಲಿ ಒಂದಷ್ಟು ಜನ ಮಳೆ ಅಂತ ಮನೆಯಲ್ಲೇ ಕೂತಿದ್ದರೂ ನಾಲ್ಕು ವರ್ಷದ ಆಡಳಿತ ಬೇರೆ ಆಗುತ್ತಿತ್ತು.

ಇಲ್ಲಿ ಒಬ್ಬೊಬ್ಬರ ಕೈಗೂ ಒಂದೇ ವೋಟು ಅಲ್ಲ, ಅದನ್ನೂ ಹೇಳಬೇಕು. ಲ್ಯಾಂಬೆತ್‌ನಲ್ಲಿ ಈಗ 25 ವಾರ್ಡ್. ಒಂದೊಂದಕ್ಕೆ ಇಬ್ಬರು ಅಥವಾ ಮೂವರು ಕೌನ್ಸಿಲರ್. ನಿಮ್ಮ ವಾರ್ಡಿಗೆ ಮೂವರಿದ್ದರೆ ಮೂರು ಹೆಸರಿಗೆ ಗುರುತು ಹಾಕಬಹುದು. ಗಂಡ ಹೆಂಡತಿ ಹೋದರೆ ಆರು ವೋಟು.

ಆ ಗೆಳೆಯರ ದೊಡ್ಡ ವಾದ ಇನ್ನೊಂದಿತ್ತು. "ಇಲ್ಲಿ ಯಾವಾಗಲೂ ಲೇಬರೇ ಗೆಲ್ಲೋದು. ನಾವು ಹಾಕಿದರೂ ಅಷ್ಟೆ, ಬಿಟ್ಟರೂ ಅಷ್ಟೆ." ಸರಿ, ಅಂಕಿ ಅವರ ಕಡೆಗೇ ಇದೆ. 2014ರಲ್ಲಿ 63ರಲ್ಲಿ 59, 2018ರಲ್ಲಿ 57, 2022ರಲ್ಲಿ 58. ಒಪ್ಪಿದೆ. ಆದರೆ ಯಾವಾಗಲೂ ಅನ್ನುವುದು ಸುಳ್ಳು. ಈಗಷ್ಟೇ ಮೇಲೆ ಬರೆದೆನಲ್ಲ, 1968ರಲ್ಲಿ ಮೂರಕ್ಕೆ ಇಳಿದಿದ್ದವರು ಇದೇ ಲೇಬರ್‌ನವರು. 2010ರಲ್ಲಿ 15 ಸೀಟು ಇದ್ದ ಲಿಬರಲ್ ಡೆಮಾಕ್ರಾಟ್‌ಗಳು 2014ರಲ್ಲಿ ಸೊನ್ನೆ. 2018ರಲ್ಲಿ ಬರೀ ಐದು ಸೀಟು ಗೆದ್ದ ಗ್ರೀನ್ ಪಕ್ಷವೇ ಮುಖ್ಯ ವಿರೋಧ ಪಕ್ಷ ಆಯಿತು. ನೀವು ಲೇಬರ್‌ಗೇ ಹಾಕಿ, ಬೇರೆಯವರಿಗೇ ಹಾಕಿ, ನನಗೆ ಅದು ಬೇಡ. ಒಂದೇ ಪಕ್ಷ ಗೆಲ್ಲುವ ಊರಿನಲ್ಲಿ ಪ್ರಶ್ನೆ ಕೇಳಲು ಐದು ಜನ ಇರುತ್ತಾರೋ ಹದಿನೈದು ಜನ ಇರುತ್ತಾರೋ ಅನ್ನುವುದೇ ದೊಡ್ಡ ವಿಷಯ ಅಲ್ವಾ?

ಪ್ರಶ್ನೆ ಕೇಳುವವರು ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೂ ಲ್ಯಾಂಬೆತ್‌ನಲ್ಲೇ ಉದಾಹರಣೆ ಇದೆ. ಬರೆಯಲು ಕಷ್ಟವಾಗುತ್ತದೆ. ಶರ್ಲಿ ಓಕ್ಸ್ ಸೇರಿ ಮೂರು ಮಕ್ಕಳ ಗೃಹಗಳಲ್ಲಿ ಈ ಕೌನ್ಸಿಲ್‌ನ ಆಸರೆಯಲ್ಲಿ ಬೆಳೆದ 705 ಜನ ಲೈಂಗಿಕ ದೌರ್ಜನ್ಯದ ದೂರು ಹೇಳಿದ್ದಾರೆ. 2021ರಲ್ಲಿ ಬಂದ ರಾಷ್ಟ್ರೀಯ ತನಿಖೆಯ ವರದಿಯಲ್ಲಿ ಇದೆಲ್ಲ ಇದೆ. ಸುಮಾರು 40 ವರ್ಷದಲ್ಲಿ ಶಿಸ್ತು ಕ್ರಮ ಆದದ್ದು ಒಬ್ಬ ಹಿರಿಯ ಅಧಿಕಾರಿಯ ಮೇಲೆ ಮಾತ್ರ. 1980ರ ದಶಕದಲ್ಲಿ ಕೌನ್ಸಿಲ್ ಮುಳುಗಿದ್ದು ಥ್ಯಾಚರ್ ಸರ್ಕಾರದ ಜೊತೆಗಿನ ಜಗಳದಲ್ಲಿ. ಲೇಬರ್‌ನ ಟೆಡ್ ನೈಟ್ ಕೌನ್ಸಿಲ್ ಲೀಡರ್ ಆಗಿದ್ದಾಗ, 1985ರಲ್ಲಿ, ಸರ್ಕಾರ ಹಾಕಿದ ತೆರಿಗೆ ಮಿತಿ ಒಪ್ಪದೆ ತಿಂಗಳುಗಟ್ಟಲೆ ತೆರಿಗೆ ದರವನ್ನೇ ನಿಗದಿ ಮಾಡಲಿಲ್ಲ. ಕೊನೆಗೆ 30ಕ್ಕೂ ಹೆಚ್ಚು ಕೌನ್ಸಿಲರ್‌ಗಳಿಗೆ ಒಟ್ಟು ಒಂದೂಕಾಲು ಲಕ್ಷ ಪೌಂಡಿಗೂ ಜಾಸ್ತಿ ದಂಡ ಬಿತ್ತು, ಐದು ವರ್ಷ ಅನರ್ಹರಾದರು. ಅವರು ಬಡವರ ಸೇವೆಗಳಿಗಾಗಿ ಹೋರಾಡಿದರು ಅನ್ನುವವರು ಇವತ್ತಿಗೂ ಇದ್ದಾರೆ. ಆ ಹೋರಾಟದ ಬಗ್ಗೆ ನನಗೂ ಗೌರವ ಇದೆ. ಆದರೆ ಅದೇ ಹೊತ್ತಿನಲ್ಲಿ ತನ್ನ ಮಡಿಲಲ್ಲಿದ್ದ ಮಕ್ಕಳ ಕಡೆ ಕೌನ್ಸಿಲ್ ನೋಡಲಿಲ್ಲ. ಇದು ಕಸದ ಡಬ್ಬಿಯ ವಿಷಯವೇ? ಮಕ್ಕಳ ರಕ್ಷಣೆ, ವಯಸ್ಸಾದವರ ಆರೈಕೆ, ಸಾವಿರಾರು ಕೌನ್ಸಿಲ್ ಮನೆಗಳು, ರಸ್ತೆ, ಲೈಬ್ರರಿ, ಪಾರ್ಕು, ಎಲ್ಲ ಇವರ ಕೈಯಲ್ಲೇ ಇದೆ.

ರಸ್ತೆ ಅಂದರೆ ನೆನಪಾಯಿತು. ವೆಸ್ಟ್ ಡಲ್ವಿಚ್‌ನಲ್ಲಿ ಒಳರಸ್ತೆಗಳಿಗೆ ವಾಹನ ಬರದಂತೆ ತಡೆಯುವ ಯೋಜನೆ ಕಾನೂನಿಗೆ ವಿರುದ್ಧ ಅಂತ ಹೈಕೋರ್ಟ್ 2025ರ ಮೇನಲ್ಲಿ ಹೇಳಿತು. ನಿವಾಸಿಗಳು ಕೊಟ್ಟ ವಿವರವಾದ ವರದಿಯನ್ನು ಕೌನ್ಸಿಲ್ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಆ ಯೋಜನೆ ಒಳ್ಳೆಯದೋ ಕೆಟ್ಟದ್ದೋ, ನೀವು ನೀವೇ ಜಗಳ ಆಡಿ. ನನ್ನ ಮಾತು ಇಷ್ಟೇ: ಜನ ದುಡ್ಡು ಸೇರಿಸಿ ಕೋರ್ಟಿಗೆ ಹೋಗಬೇಕಾಯಿತು. ವೋಟಿಗೆ ದುಡ್ಡು ಬೇಡ.

ಈಗ ನನ್ನ ವಿಷಯ. ಹೇಳದೇ ಇದ್ದರೆ ಇಷ್ಟೆಲ್ಲ ಬರೆಯುವ ಹಕ್ಕು ನನಗಿಲ್ಲ.

2010ರ ಮೇ 6ರಂದು ಪಾರ್ಲಿಮೆಂಟ್ ಚುನಾವಣೆ, ಲ್ಯಾಂಬೆತ್ ಕೌನ್ಸಿಲ್ ಚುನಾವಣೆ ಎರಡೂ ಒಂದೇ ದಿನ ನಡೆದವು. ನಾನಾಗ ಸ್ಟಾಕ್‌ವೆಲ್‌ನಲ್ಲಿದ್ದೆ. ಮತಗಟ್ಟೆ ಮನೆಯಿಂದ ನಾಲ್ಕು ನಿಮಿಷದ ದಾರಿ. ನನ್ನ ಹೆಸರು ಪಟ್ಟಿಯಲ್ಲಿ ಇರಲಿಲ್ಲ, ಸೇರಿಸಬಹುದು ಅನ್ನುವುದನ್ನು ತಿಳಿದುಕೊಳ್ಳುವ ಮನಸ್ಸೂ ನನಗಿರಲಿಲ್ಲ. ಆ ವರ್ಷ ನೀರಜ್ ಪಾಟೀಲರು ಮೇಯರ್ ಆದ ಸುದ್ದಿ ಬಂದಾಗ ಊರಿಗೆ ಫೋನ್ ಮಾಡಿ ಅಪ್ಪನಿಗೆ ಖುಷಿಯಿಂದ ಹೇಳಿದೆ. ನಮ್ಮ ಕಡೆಯವರು, ಲಂಡನ್‌ನಲ್ಲಿ ಮೇಯರ್ ಅಂತ.

ನಮ್ಮಪ್ಪ ಹಾವೇರಿ ಕಡೆ ಪ್ರೈಮರಿ ಶಾಲೆ ಮೇಷ್ಟ್ರಾಗಿದ್ದರು. 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್, ಮಂಡಲ ಪಂಚಾಯಿತಿ ಚುನಾವಣೆ ನಡೆದಾಗ ಅವರಿಗೆ ಎಲೆಕ್ಷನ್ ಡ್ಯೂಟಿ. ಹೆಂಗಸರಿಗೆ ಕಾಲು ಭಾಗ ಸೀಟು ಮೀಸಲಿಟ್ಟಿದ್ದ ಚುನಾವಣೆ ಅದು. ಮತಪೆಟ್ಟಿಗೆ ಹೊತ್ತು ಹೋಗಿ, ಶಾಲೆಯ ಜಮಖಾನದ ಮೇಲೆ ಮಲಗಿ, ಮೂರನೇ ದಿನ ಕಣ್ಣು ಕೆಂಪಗೆ ಮಾಡಿಕೊಂಡು ಮನೆಗೆ ಬಂದಿದ್ದರು. ಯಾರೋ ಒಬ್ಬ ಮುದುಕಿ ನಡೆಯಲಾರದೆ ಮೊಮ್ಮಗನ ಬೆನ್ನೇರಿ ಬಂದು ಓಟು ಹಾಕಿದಳು ಅಂತ ಅವ್ವನಿಗೆ ಹೇಳುತ್ತಿದ್ದದ್ದು ನನಗೆ ಈಗಲೂ ನೆನಪಿದೆ.

ಅಂಥ ಅಪ್ಪ ಫೋನಿನಲ್ಲಿ ಕೇಳಿದರು, "ಅಲ್ಲೆ ಓಟು ಹಾಕಾಕ ಬರ್ತದೇನಪಾ ನಿನಗ?"

"ಬರ್ತದಂತ, ಅಪ್ಪಾ. ಈಗ ಗೊತ್ತಾತು."

"ಮತ್ತ ಹಾಕಿಲ್ಲೇನು?"

ನಾನು ಮಾತು ಬದಲಿಸಿದೆ. ಅವರು ಮತ್ತೆ ಕೇಳಲಿಲ್ಲ. 2013ರಲ್ಲಿ ಅಪ್ಪ ಹೋದರು. ಮಾರನೇ ವರ್ಷದ ಮೇ ತಿಂಗಳಲ್ಲಿ ನಾನು ಮೊದಲ ಸಲ ಲ್ಯಾಂಬೆತ್‌ನಲ್ಲಿ ವೋಟು ಹಾಕಿದೆ. ಚರ್ಚ್ ಹಾಲ್ ಒಂದರಲ್ಲಿ ಮತಗಟ್ಟೆ. ದಾರ ಕಟ್ಟಿದ ಪೆನ್ಸಿಲ್. ಮೂರು ಗುರುತು ಹಾಕಿ ಹೊರಗೆ ಬಂದು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆ. ಯಾರಿಗೆ ಫೋನ್ ಮಾಡಿ ಹೇಳಬೇಕು ಅಂತ ಗೊತ್ತಾಗಲಿಲ್ಲ.

ಆದ್ದರಿಂದ ಆ ಗೆಳೆಯರ ಮೇಲೆ ನನಗೆ ಸಿಟ್ಟು ಬಂದದ್ದು ಅವರು ಕೆಟ್ಟವರು ಅಂತ ಅಲ್ಲ. ಅವರಲ್ಲಿ ಇಬ್ಬರು ಬೆಂಗಳೂರಿನ ಬಗ್ಗೆ ನಾನು ಇದನ್ನು ಬರೆಯುತ್ತಿರುವ ಇದೇ ಜಾಗದಲ್ಲಿ ಎಷ್ಟು ನೋವಿನಿಂದ ಬರೆದಿದ್ದಾರೆ! 2015ರಲ್ಲಿ ಬಿಬಿಎಂಪಿಗೆ ವೋಟು ಹಾಕಿದ್ದೇ ಕೊನೆ. 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿಯಿತು. ವಾರ್ಡ್ 198 ಇದ್ದದ್ದು 243 ಆಯಿತು, 225 ಆಯಿತು, ಬಿಬಿಎಂಪಿಯೇ ಹೋಗಿ ಐದು ಪಾಲಿಕೆ ಬಂದವು. ಅಷ್ಟು ವರ್ಷ ಕಾರ್ಪೊರೇಟರ್ ಇಲ್ಲದೆ, ಗುಂಡಿ ಬಿದ್ದ ರಸ್ತೆಗೆ ಯಾರನ್ನು ಕೇಳಬೇಕು ಅಂತ ಗೊತ್ತಿಲ್ಲದೆ ಜನ ಒದ್ದಾಡಿದ್ದಾರೆ. ನೀವು ಬರೆದದ್ದು ಪೂರ್ತಿ ಸರಿ. ವೋಟು ಇಲ್ಲದ ಊರು ಹೇಗಿರುತ್ತದೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಲ್ಲಿ ಸಿಗದ ವೋಟಿಗೆ ಅಳುವ ನೀವೇ ಇಲ್ಲಿ ಕೈಗೆ ಬಂದ ವೋಟನ್ನು ಕಸ ಅಂದಿರಲ್ಲ, ನನಗೆ ತಡೆಯಲಾಗದೆ ಹೋದದ್ದು ಅದು.

ಹೆಸರು ಸೇರಿಸಲು ಕೊನೆಯ ದಿನ ಏಪ್ರಿಲ್ 20. ಬಸವ ಜಯಂತಿಯ ಆಸುಪಾಸು. ಆ ಹೊತ್ತಿಗೆ ನಾವೆಲ್ಲ ಮತ್ತೆ ಹೂವಿನ ಹಾರ ಹಿಡಿದು ಅದೇ ಪುತ್ಥಳಿಯ ಮುಂದೆ ಸೇರಿರುತ್ತೇವೆ. ಆನ್‌ಲೈನ್‌ನಲ್ಲಿ ಐದು ನಿಮಿಷದ ಕೆಲಸ. ಇಲ್ಲಿ ಕೆಲಸ, ತೆರಿಗೆಗೆ ಅಂತ ಕೊಡುವ ನ್ಯಾಷನಲ್ ಇನ್ಶೂರೆನ್ಸ್ ನಂಬರ್, ವಿಳಾಸ, ಹೀಗೆ ಒಂದಷ್ಟು ವಿವರ ಕೇಳುತ್ತದೆ, ಅಷ್ಟೆ.

ಇದನ್ನು ಬರೆಯುತ್ತಿರುವಾಗಲೇ ಆ ಏಳು ಜನರಲ್ಲಿ ಇಬ್ಬರು ಅರ್ಜಿ ಹಾಕಿ ಸ್ಕ್ರೀನ್‌ಶಾಟ್ ಕಳಿಸಿದ್ದಾರೆ. ಒಬ್ಬರು ಅನುಭವ ಮಂಟಪದ ಕಥೆ ಹೇಳಿದವರು. "ಅಣ್ಣ, ಬೇಜಾರಾಗಬೇಡಿ" ಅಂತಲೂ ಬರೆದಿದ್ದಾರೆ. ಬೇಜಾರು ಹೋಯಿತು ಮಾರಾಯರೇ. ಇನ್ನೂ ಐದು ಜನ ಇದ್ದೀರಿ. ನಂಬರ್ ಹುಡುಕಿ ಇಟ್ಟುಕೊಳ್ಳಿ, ಸಂಜೆ ಏಳಕ್ಕೆ ಫೋನ್ ಮಾಡುತ್ತೇನೆ.