‘ಪರಿಶೀಲಿಸಲಾಗುವುದು’ ಎಂದರು, ಪರಿಶೀಲಿಸಿದರು, ಅಲ್ಲಿಗೆ ಮುಗಿಯಿತಂತೆ

ಕಳೆದ ವಾರ ಅಂಚೆಯವರು ಕೊಟ್ಟುಹೋದ ಕಂದು ಲಕೋಟೆಯಲ್ಲಿ ಒಂದೇ ಒಂದು ಹಾಳೆಯಿತ್ತು. ನಮ್ಮೂರಿನ ಹಳ್ಳಕ್ಕೆ ಕಾಲುಸಂಕ, ಅಂದರೆ ನಡೆದು ದಾಟುವ ಚಿಕ್ಕ ಸೇತುವೆ, ನಿರ್ಮಿಸುವ ಕುರಿತು ಸರ್ಕಾರವು ಸದನದಲ್ಲಿ ನೀಡಿದ್ದ ಭರವಸೆಯನ್ನು ‘ಈಡೇರಿದೆ ಎಂದು ಪರಿಗಣಿಸಿ ಮುಕ್ತಾಯಗೊಳಿಸಲಾಗಿದೆ’ ಎಂದು ಸದನದ ಭರವಸೆಗಳ ಸಮಿತಿ ಅದರಲ್ಲಿ ಬರೆದಿತ್ತು. ಆ ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಾನು ಹಳ್ಳದವರೆಗೆ ನಡೆದುಹೋದೆ. ನಮಗೆ ತಿಳಿಯದ ಹಾಗೆ ಯಾರಾದರೂ ರಾತ್ರೋರಾತ್ರಿ ಬಂದು ಸಂಕ ಕಟ್ಟಿಹೋಗಿದ್ದಾರೋ ಏನೋ ಎಂಬ ಅನುಮಾನ ಅರೆಕ್ಷಣ ನಿಜವಾಗಿಯೂ ಬಂದಿತ್ತು, ನಗಬೇಡಿ. ಅಲ್ಲಿ ಇದ್ದದ್ದು ಈ ಮಳೆಗಾಲಕ್ಕೆ ಮುಂಚೆ ನಾವೇ ಹಾಕಿದ ಎರಡು ಅಡಿಕೆ ಮರ, ಅವುಗಳ ಮೇಲೆ ಅಡ್ಡಡ್ಡಲಾಗಿ ಬಿಗಿದ ದಬ್ಬೆ, ಕೈಯಾಸರೆಗೆಂದು ಒಂದು ಬದಿಯಲ್ಲಿ ಮಾತ್ರ ಎಳೆದು ಕಟ್ಟಿದ ತಂತಿ. ಪಾಚಿ ಹಿಡಿದು ಜಾರುತ್ತಿದ್ದ ದಬ್ಬೆಗಳ ನಡುವೆ ಒಂದು ಆಗಲೇ ಕಿತ್ತುಹೋಗಿತ್ತು.

ನಮ್ಮದು ಹೊಸನಗರ ತಾಲ್ಲೂಕಿನ ಒಂದು ಮಜರೆ. ಹಳ್ಳದ ಆಚೆ ಹನ್ನೊಂದು ಮನೆಗಳಿವೆ. ಶಾಲೆ, ಸೊಸೈಟಿ, ಬಸ್ಸು, ಹಾಲಿನ ಡೇರಿ ಎಲ್ಲವೂ ಈಚೆ. ಮೃಗಶಿರ ಹಿಡಿಯುವ ಮೊದಲು ಸಂಕ ಹಾಕುವುದು, ಪುನರ್ವಸು ಮುಗಿಯುವುದರೊಳಗೆ ಅದು ಕೊಚ್ಚಿಕೊಂಡು ಹೋಗುವುದು, ಮಳೆ ಸ್ವಲ್ಪ ಹೊಳವಾದ ದಿನ ಮತ್ತೆ ಹಾಕುವುದು ನಮ್ಮ ತಂದೆಯವರ ಕಾಲದಿಂದ ನಡೆದುಬಂದಿದೆ. ಮೂರು ವರ್ಷದ ಹಿಂದೆ ಮೂರನೇ ತರಗತಿಯ ಹುಡುಗಿಯೊಬ್ಬಳು ಕಾಲು ಜಾರಿ, ತಂತಿ ಹಿಡಿದು ನೇತಾಡಿ, ಹೇಗೋ ಬದುಕಿಕೊಂಡಳು. ಅವಳ ಪುಸ್ತಕದ ಚೀಲ ಎರಡು ದಿನದ ನಂತರ ಕೆಳಗಿನ ಗದ್ದೆಯ ಬದುವಿನಲ್ಲಿ, ಕೆಸರು ತುಂಬಿಕೊಂಡು, ಸಿಕ್ಕಿತು. ಆ ವರ್ಷವೇ ನಾವು ಅರ್ಜಿ ಬರೆದು ಸದಸ್ಯರೊಬ್ಬರ ಕೈಗೆ ಕೊಟ್ಟೆವು. ಅವರು ಸಜ್ಜನರು, ಸದನದಲ್ಲಿ ಪ್ರಶ್ನೆಯನ್ನೂ ಕೇಳಿದರು. ಅವರು ಯಾರು, ಯಾವ ಸದನದವರು, ಯಾವ ಇಲಾಖೆ ಉತ್ತರಿಸಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಸಿಟ್ಟು ಒಬ್ಬರ ಮೇಲಿನದಲ್ಲ.

ಉತ್ತರದ ಪ್ರತಿ ನನ್ನ ಬಳಿ ಇದೆ. ಎರಡು ಅಂಕಣದ ಆ ಹಾಳೆಯನ್ನು ನೋಡಿದವರಿಗೆ ಅದರ ಸೊಗಸು ಗೊತ್ತು. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. (ಅ) ಸದರಿ ಗ್ರಾಮದಲ್ಲಿ ಮಳೆಗಾಲದಲ್ಲಿ ಸಂಪರ್ಕ ಕಡಿತಗೊಳ್ಳುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ‘ಬಂದಿದೆ.’ (ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು? ‘ಅನುದಾನದ ಲಭ್ಯತೆಗನುಗುಣವಾಗಿ ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು.’ (ಇ) ಇಲ್ಲದಿದ್ದಲ್ಲಿ, ವಿಳಂಬಕ್ಕೆ ಕಾರಣಗಳೇನು? ‘ಉದ್ಭವಿಸುವುದಿಲ್ಲ.’ ಹುಡುಗಿ ನೇತಾಡಿದ್ದು ಉದ್ಭವಿಸಿತ್ತು, ಹಳ್ಳ ಪ್ರತಿವರ್ಷ ಉದ್ಭವಿಸುತ್ತದೆ, ವಿಳಂಬದ ಪ್ರಶ್ನೆ ಮಾತ್ರ ಉದ್ಭವಿಸಲಿಲ್ಲ.

ಆದರೂ ನಾನು ಅಂದು ಖುಷಿಪಟ್ಟಿದ್ದೆ. ಏಕೆಂದರೆ ಸದನದಲ್ಲಿ ಸಚಿವರು ಆಡಿದ ಇಂಥ ಮಾತು ಗಾಳಿಯಲ್ಲಿ ತೇಲಿಹೋಗಬಾರದೆಂದೇ ಒಂದು ಸಮಿತಿ ಇದೆ ಎಂಬುದನ್ನು ಓದಿ ತಿಳಿದುಕೊಂಡಿದ್ದೆ. ಲೋಕಸಭೆಯಲ್ಲಿ 1953ರಿಂದ ಸರ್ಕಾರಿ ಭರವಸೆಗಳ ಸಮಿತಿ ಕೆಲಸ ಮಾಡುತ್ತಿದೆ. ಅಲ್ಲಿ ಯಾವ ಯಾವ ಮಾತುಗಳನ್ನು ಭರವಸೆಯೆಂದು ತೆಗೆದುಕೊಳ್ಳಬೇಕು ಎಂಬುದಕ್ಕೆ ಒಂದು ಪಟ್ಟಿಯೇ ಇದೆ. ‘ವಿಷಯ ಪರಿಶೀಲನೆಯಲ್ಲಿದೆ’, ‘ನಾನು ಗಮನಿಸುತ್ತೇನೆ’ ಎಂಬಂಥ ಜಾಣ ಮಾತುಗಳೂ ಆ ಪಟ್ಟಿಯಲ್ಲಿವೆ. ಕೊಟ್ಟ ಭರವಸೆಯನ್ನು ಮೂರು ತಿಂಗಳೊಳಗೆ ಈಡೇರಿಸಬೇಕು, ಆಗದಿದ್ದರೆ ಕಾರಣ ಹೇಳಿ ಕಾಲಾವಕಾಶ ಕೇಳಬೇಕು. ನಮ್ಮ ರಾಜ್ಯದ ಎರಡೂ ಸದನಗಳಲ್ಲಿಯೂ ಭರವಸೆಗಳ ಸಮಿತಿಗಳಿವೆ. ಅಂದರೆ ‘ಪರಿಶೀಲಿಸಲಾಗುವುದು’ ಎಂದು ಹೇಳಿ ಕುಳಿತುಬಿಟ್ಟರೆ ಆಗುವುದಿಲ್ಲ, ಆ ಮಾತಿನ ಬೆನ್ನು ಹತ್ತುವ ಜನ ಅದೇ ಕಟ್ಟಡದೊಳಗೆ ಇದ್ದಾರೆ ಎಂದು ಊರಿನಲ್ಲಿ ಎಲ್ಲರಿಗೂ ನಾನೇ ಹೇಳಿಕೊಂಡು ಬಂದಿದ್ದೆ. ಪಕ್ಕದ ಮನೆಯ ಅಜ್ಜಿ ಎಲೆಯಡಿಕೆ ಜಗಿಯುತ್ತಾ, ‘ಹೌದನಾ ಮಾರಾಯ, ಮಾತಿಗೂ ಕಾವಲು ಇಟ್ಟಿದಾರನಾ’ ಎಂದು ಆಶ್ಚರ್ಯಪಟ್ಟಿದ್ದರು.

ಕೆಲವು ತಿಂಗಳ ನಂತರ ಆ ಭರವಸೆಗಳ ಸಮಿತಿ ಜಿಲ್ಲೆಗೆ ಬಂದೂ ಬಂದಿತು. ನಾವು ಮೂವರು ಬೆಳಗಿನ ಮೊದಲ ಬಸ್ಸಿಗೆ ಹೊರಟು ಶಿವಮೊಗ್ಗ ಸೇರಿದೆವು. ಸಭೆ ಹತ್ತೂವರೆಗೆ ಎಂದಿತ್ತು, ಆರಂಭವಾಗುವಾಗ ಹನ್ನೆರಡು ದಾಟಿತ್ತು. ಸಭೆಯೊಳಗೆ ನಮಗೆ ಪ್ರವೇಶವಿಲ್ಲ ಎಂಬುದು ಸರಿಯೇ, ಸಮಿತಿಗಳ ಕಲಾಪ ಸಾಮಾನ್ಯವಾಗಿ ಮುಚ್ಚಿದ ಬಾಗಿಲೊಳಗೇ ನಡೆಯುತ್ತದೆ. ಹೊರಗಿನ ಕಾರಿಡಾರಿನಲ್ಲಿ ಕುಳಿತು ನೋಡಿದ್ದನ್ನು ಹೇಳುತ್ತೇನೆ. ಇಲಾಖೆಗಳ ಅಧಿಕಾರಿಗಳು ಕೆಂಪು ಟ್ಯಾಗಿನ ಕಡತಗಳನ್ನು ಎದೆಗವಚಿಕೊಂಡು ಸಾಲಾಗಿ ನಿಂತಿದ್ದರು. ನಮ್ಮ ವಿಷಯದ ಎಂಜಿನಿಯರ್ ಒಳಗೆ ಹೋದರು, ನಾನು ಗೋಡೆಯ ಗಡಿಯಾರ ನೋಡಿಕೊಂಡೆ, ನಾಲ್ಕು ನಿಮಿಷಕ್ಕೆ ಹೊರಗೆ ಬಂದರು. ‘ಏನಾಯ್ತು ಸಾರ್?’ ಎಂದು ಕೇಳಿದೆ. ‘ಅನುಪಾಲನಾ ವರದಿ ಕೊಡಿ ಅಂದ್ರು, ಕೊಡ್ತೀವಿ ಅಂದ್ವಿ’ ಎಂದರು. ಮಧ್ಯಾಹ್ನ ಊಟವಾದ ಮೇಲೆ ವಾಹನಗಳ ಸಾಲು ಸಾಗರದ ರಸ್ತೆ ಹಿಡಿಯಿತು, ಜೋಗದಲ್ಲಿ ನೀರು ಚೆನ್ನಾಗಿತ್ತಂತೆ. ಜೋಗ ನೋಡಬಾರದೆಂದು ನಾನು ಹೇಳುವುದಿಲ್ಲ, ಮಳೆಗಾಲದಲ್ಲಿ ಶಿವಮೊಗ್ಗಕ್ಕೆ ಬಂದವರು ನೋಡದೆ ಹೋದರೆ ಅದೇ ತಪ್ಪು. ಆದರೆ ಜೋಗದ ನೀರು ನೋಡಲು ಹೊರಟವರ ದಾರಿಯಿಂದ ನಮ್ಮ ಹಳ್ಳದ ನೀರು ಬಹಳ ದೂರವೇನೂ ಇರಲಿಲ್ಲ.

ಈಗ ಬಂದ ಹಾಳೆಗೆ ಮರಳುತ್ತೇನೆ. ಭರವಸೆ ಎಲ್ಲಿಗೆ ಬಂತು ಎಂದು ತಿಳಿಯಲು ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ, ಇಲಾಖೆ ಸಮಿತಿಗೆ ಕೊಟ್ಟ ಅನುಪಾಲನಾ ವರದಿಯ ಪ್ರತಿಯನ್ನು ಹಿಂದೆಯೇ ತರಿಸಿಕೊಂಡಿದ್ದೆ. ಅದರ ಸಾರ ಇಷ್ಟು: ಸ್ಥಳ ಪರಿಶೀಲನೆ ನಡೆಸಲಾಗಿದೆ, ಅಂದಾಜುಪಟ್ಟಿ ತಯಾರಿಸಲಾಗಿದೆ, ಪ್ರಸ್ತುತ ಅನುದಾನ ಲಭ್ಯವಿರುವುದಿಲ್ಲ. ‘ಅನುದಾನದ ಲಭ್ಯತೆಗನುಗುಣವಾಗಿ ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು’ ಎಂದು ಸದನದಲ್ಲಿ ಹೇಳಿದ್ದರಲ್ಲವೇ? ಪರಿಶೀಲಿಸಿದ್ದಾರೆ. ಅನುದಾನದ ಲಭ್ಯತೆ ಇಲ್ಲ, ಆದ್ದರಿಂದ ಲಭ್ಯತೆಗನುಗುಣವಾಗಿ ಏನನ್ನೂ ಮಾಡಿಲ್ಲ. ಹೇಳಿದಂತೆಯೇ ನಡೆದುಕೊಂಡಿದ್ದಾರೆ, ಭರವಸೆ ಈಡೇರಿದೆ. ಇದಕ್ಕೆ ವ್ಯಾಕರಣದಲ್ಲಿ ತಪ್ಪು ಹುಡುಕಲು ಸಾಧ್ಯವಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸಿದವನು ನಾನು. ಒಂದು ಕ್ರಿಯಾಪದದ ಭವಿಷ್ಯತ್ಕಾಲವನ್ನು ಭೂತಕಾಲಕ್ಕೆ ತಿರುಗಿಸಿ ಒಂದು ಸಂಕವನ್ನು ನುಂಗಿಬಿಡಬಹುದು ಎಂಬ ಪಾಠವನ್ನು ಯಾವ ತರಗತಿಯಲ್ಲಿಯೂ ಹೇಳಿಕೊಟ್ಟಿರಲಿಲ್ಲ. ಇಲಾಖೆ ಹೀಗೆ ಬರೆಯುತ್ತದೆ ಎಂಬುದು ನನಗೆ ಆಶ್ಚರ್ಯವಲ್ಲ, ಇಲಾಖೆಯ ಸ್ವಭಾವವೇ ಅದು. ಆ ವಾಕ್ಯವನ್ನು ಓದಿ ‘ಸಂಕ ಎಲ್ಲಿ?’ ಎಂಬ ಎರಡೇ ಪದ ಕೇಳಬೇಕಾಗಿದ್ದವರು ಸಮಿತಿಯವರು. ಅವರು ಕೇಳಲಿಲ್ಲ. ನನ್ನ ಸಂಕಟ ಇರುವುದು ಅಲ್ಲಿ.

ಸಮಿತಿಗಳೆಲ್ಲ ದಂಡ, ಭತ್ಯೆಗಾಗಿ ಇರುವಂಥವು ಎಂದು ಬಸ್‌ಸ್ಟ್ಯಾಂಡಿನಲ್ಲಿ ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ, ಒಪ್ಪಿದ್ದರೆ ಇಷ್ಟು ಸಿಟ್ಟೂ ಬರುತ್ತಿರಲಿಲ್ಲ. ಸದನದಲ್ಲಿ ನಡೆಯುವುದು ಹೆಚ್ಚಿನ ಮಟ್ಟಿಗೆ ಟಿ.ವಿ.ಯವರಿಗಾಗಿ ನಡೆಯುತ್ತದೆ, ಕಾಗದ ಮುಂದಿಟ್ಟುಕೊಂಡು, ಅಧಿಕಾರಿಯನ್ನು ಎದುರು ಕೂರಿಸಿಕೊಂಡು, ಪಕ್ಷದ ಬಾವುಟವನ್ನು ಬಾಗಿಲ ಹೊರಗಿಟ್ಟು ಲೆಕ್ಕ ಕೇಳುವ ಜಾಗ ಸಮಿತಿಯ ಕೋಣೆ. ಸರ್ಕಾರದ ಖರ್ಚಿನ ಲೆಕ್ಕ ನೋಡುವ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ 1967ರಿಂದ ವಿರೋಧ ಪಕ್ಷದವರನ್ನೇ ಅಧ್ಯಕ್ಷರನ್ನಾಗಿ ಮಾಡುವ ರೂಢಿ ಬಂದದ್ದು ಸುಮ್ಮನೆ ಅಲ್ಲ. ನಮ್ಮಲ್ಲೇ ಎ.ಟಿ. ರಾಮಸ್ವಾಮಿಯವರ ಅಧ್ಯಕ್ಷತೆಯ, ಎರಡೂ ಸದನಗಳ ಸದಸ್ಯರಿದ್ದ ಜಂಟಿ ಸದನ ಸಮಿತಿಯು ಬೆಂಗಳೂರಿನ ಸರ್ಕಾರಿ ಜಮೀನಿನ ಒತ್ತುವರಿಯನ್ನು ಸರ್ವೆ ನಂಬರುಗಳ ಸಮೇತ ಬಯಲಿಗೆ ಹಾಕಿತ್ತು. ವರದಿ ಬಂದ ಮೇಲೆ ಆಗಬೇಕಾದ್ದೆಲ್ಲ ಆಯಿತೇ ಎಂಬುದು ಬೇರೆ ಮಾತು, ಆದರೆ ಕೂತು ಕೆಲಸ ಮಾಡಿದರೆ ಸಮಿತಿಗೆ ಏನು ಸಾಧ್ಯ ಎಂಬುದು ಅಲ್ಲಿ ಕಾಣುತ್ತದೆ.

ಮಲೆನಾಡಿನವರಿಗಂತೂ ಸಮಿತಿಯ ಬೆಲೆ ಎಲ್ಲರಿಗಿಂತ ಹೆಚ್ಚು ಗೊತ್ತಿರಬೇಕಾಗಿತ್ತು. 2005ರ ಡಿಸೆಂಬರ್ 13ರಂದು ಲೋಕಸಭೆಯಲ್ಲಿ ಮಂಡನೆಯಾದ ಅರಣ್ಯ ಹಕ್ಕು ಮಸೂದೆಯಲ್ಲಿ ಪರಿಶಿಷ್ಟ ಬುಡಕಟ್ಟಿನವರ ಪ್ರಸ್ತಾಪ ಮಾತ್ರ ಇತ್ತು, ಅದೂ 1980ರ ಅಕ್ಟೋಬರ್ 25ಕ್ಕೆ ಮೊದಲಿನಿಂದ ಕಾಡಿನಲ್ಲಿ ಇದ್ದವರಿಗೆ. ಮಸೂದೆ ಜಂಟಿ ಸಮಿತಿಗೆ ಹೋಯಿತು. ಇತರ ಪಾರಂಪರಿಕ ಅರಣ್ಯವಾಸಿಗಳನ್ನೂ ಸೇರಿಸಬೇಕು, ಗಡುವನ್ನು 2005ರ ಡಿಸೆಂಬರ್ 13ಕ್ಕೆ ತರಬೇಕು ಎಂದು ಸೂಚಿಸಿದ್ದು ಆ ಸಮಿತಿ. 2006ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ಕಾಯ್ದೆಯಲ್ಲಿ ಅವೆರಡೂ ಉಳಿದುಕೊಂಡವು. ತಲೆಮಾರಿಗೆ 25 ವರ್ಷದಂತೆ ಮೂರು ತಲೆಮಾರಿನ, ಅಂದರೆ 75 ವರ್ಷದ ಪುರಾವೆ ಕೊಡಿ ಎಂಬ ಷರತ್ತಿನಲ್ಲಿ ನಮ್ಮ ಕಡೆಯ ಎಷ್ಟೋ ಅರ್ಜಿಗಳು ಎಡವಿ ಬಿದ್ದಿವೆ, ನಿಜ. ಆದರೂ ಸೊಪ್ಪಿನಬೆಟ್ಟದ ಅಂಚಿನಲ್ಲಿ ಕೂತ ಮನುಷ್ಯ ಇವತ್ತು ಅರ್ಜಿಯನ್ನಾದರೂ ಹಾಕಬಲ್ಲ ಎಂದರೆ, ದೂರದ ದೆಹಲಿಯ ಒಂದು ಕೋಣೆಯಲ್ಲಿ ಯಾರೋ ಕೆಲವರು ಮಸೂದೆಯ ಸಾಲುಗಳನ್ನು ಒಂದೊಂದಾಗಿ ಓದಿದ್ದರಿಂದ.

ಅದೇ ಕಾಡಿನ ವಿಷಯ 2023ರಲ್ಲಿ ಮತ್ತೆ ಬಂದಿತು. ಅರಣ್ಯ ಸಂರಕ್ಷಣಾ ತಿದ್ದುಪಡಿ ಮಸೂದೆಯನ್ನು ಪರಿಸರದ ವಿಷಯ ನೋಡುವ ಸ್ಥಾಯೀ ಸಮಿತಿಗೆ ಕಳಿಸದೆ ಬೇರೆಯೇ ಒಂದು ಜಂಟಿ ಸಮಿತಿಗೆ ಒಪ್ಪಿಸಿದರು, ಆ ಸಮಿತಿ ಒಂದೂ ತಿದ್ದುಪಡಿ ಸೂಚಿಸದೆ ಹಿಂದಿರುಗಿಸಿತು, ಕೆಲವು ಸದಸ್ಯರ ಭಿನ್ನಮತದ ಟಿಪ್ಪಣಿಗಳು ಮಾತ್ರ ಕೊನೆಯ ಪುಟಗಳಲ್ಲಿ ಉಳಿದವು. ಹೋದದ್ದಾದರೂ ಒಂದು ಸಮಿತಿಗೆ ಹೋಯಿತಲ್ಲ ಎಂದು ಸಮಾಧಾನಪಟ್ಟುಕೊಳ್ಳಬೇಕಾದ ಕಾಲ ಇದು. 15ನೇ ಲೋಕಸಭೆಯಲ್ಲಿ ಶೇ 71ರಷ್ಟು ಮಸೂದೆಗಳು ಸಮಿತಿಗಳಿಗೆ ಹೋಗಿದ್ದವು, 17ನೇ ಲೋಕಸಭೆಯಲ್ಲಿ ಅದು ಶೇ 16ಕ್ಕೆ ಇಳಿಯಿತು. 2020ರ ಕೃಷಿ ಕಾಯ್ದೆಗಳು ಯಾವ ಸಮಿತಿಯನ್ನೂ ಕಾಣದೆ ಬಂದವು, ಮರುವರ್ಷ ಹಾಗೆಯೇ ಹೋದವು. ನಡುವೆ ದೆಹಲಿಯ ಗಡಿಯಲ್ಲಿ ರೈತರು ಒಂದು ವರ್ಷ ರಸ್ತೆಯಲ್ಲಿ ಕೂತರು. ಕೋಣೆಯೊಳಗೆ ಕೇಳಬೇಕಾದ ಪ್ರಶ್ನೆಗಳನ್ನು ಅವರು ಚಳಿಯಲ್ಲಿ ಕೂತು ಕೇಳಿದರು.

ನಮ್ಮ ರಾಜ್ಯದ ಮಾತು ಆಡದಿರುವುದೇ ಲೇಸು. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕೆಂದು 2005ರಲ್ಲಿ ತಾವೇ ಕಾಯ್ದೆ ಮಾಡಿಕೊಂಡರು, ಆ ಲೆಕ್ಕ ತುಂಬುವುದೇ ಅಪರೂಪ. ನಡೆದ ದಿನಗಳಲ್ಲಿಯೂ ‘ಗದ್ದಲದ ನಡುವೆ ವಿಧೇಯಕಗಳಿಗೆ ಅಂಗೀಕಾರ’ ಎಂಬ ಶೀರ್ಷಿಕೆಯನ್ನು ಪತ್ರಿಕೆಯವರು ಅಚ್ಚು ಮಾಡಿ ಕಾದಿರಿಸಿಕೊಂಡಿರಬೇಕು. ನೆರೆಯ ಕೇರಳದಲ್ಲಿ 1980ರಿಂದ ವಿಷಯ ಸಮಿತಿಗಳಿವೆ, ಮಸೂದೆಗಳು ಸಾಮಾನ್ಯವಾಗಿ ಅವುಗಳ ಮುಂದೆ ಹೋಗಿಯೇ ಬರುತ್ತವೆ. ಅಲ್ಲಿಂದ ಅಡಿಕೆಯ ದರದ ಸುದ್ದಿ ನಮಗೆ ಗಂಟೆಯೊಳಗೆ ತಲುಪುತ್ತದೆ, ಇದು ಮಾತ್ರ ಘಟ್ಟ ಹತ್ತಿ ಬರಲಿಲ್ಲ. ಶಿವಮೊಗ್ಗದವರಾದ ನಮಗೆ ಇನ್ನೊಂದು ನಾಚಿಕೆಯಿದೆ. ಗೇಣಿ ರೈತರ ಕಾಗೋಡು ಸತ್ಯಾಗ್ರಹದ ಬೆನ್ನಿಗೇ, 1952ರಲ್ಲಿ, ಶಾಂತವೇರಿ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿದ ಜಿಲ್ಲೆ ಇದು. 2013ರಿಂದ 2016ರವರೆಗೆ ವಿಧಾನಸಭೆಯ ಸಭಾಧ್ಯಕ್ಷರ ಪೀಠದಲ್ಲಿ ಕಾಗೋಡು ತಿಮ್ಮಪ್ಪನವರು, ವಿಧಾನ ಪರಿಷತ್ತಿನ ಸಭಾಪತಿಗಳ ಪೀಠದಲ್ಲಿ ಡಿ.ಎಚ್. ಶಂಕರಮೂರ್ತಿಯವರು ಏಕಕಾಲಕ್ಕೆ ಕುಳಿತಿದ್ದರು. ಎರಡೂ ಪೀಠಗಳು ಒಂದೇ ಜಿಲ್ಲೆಯ ಪಾಲಾಗಿದ್ದ ಆ ದಿನಗಳಲ್ಲಿ ನಾವು ಹೆಮ್ಮೆಪಟ್ಟೆವೇ ಹೊರತು, ಸಮಿತಿ ಎಂದರೇನು, ಅದರ ಮುಂದೆ ನಮ್ಮ ಅಹವಾಲನ್ನು ಹೇಗೆ ಒಯ್ಯಬೇಕು ಎಂಬುದನ್ನು ಕೇಳಿ ತಿಳಿದುಕೊಳ್ಳುವ ಗೋಜಿಗೆ ಹೋಗಲಿಲ್ಲ. ನಮ್ಮ ಪ್ರತಿನಿಧಿ ಯಾವ ಮದುವೆಗೆ ಬಂದರು, ಯಾವ ಸಾವಿಗೆ ಬರಲಿಲ್ಲ ಎಂಬುದು ನಮಗೆ ಬಾಯಿಪಾಠ. ಅವರು ಯಾವ ಸಮಿತಿಯಲ್ಲಿದ್ದಾರೆ, ಅದರ ಎಷ್ಟು ಸಭೆಗಳಿಗೆ ಹೋದರು ಎಂದು ಕೇಳಿದರೆ ಊರಿಗೆ ಊರೇ ಪಿಳಿಪಿಳಿ ನೋಡುತ್ತದೆ, ನಿನ್ನೆಯವರೆಗೆ ನಾನೂ ಸೇರಿದಂತೆ.

ಹಾಳೆ ಬಂದ ದಿನ ರಾತ್ರಿಯೇ ಕೂತು ಸಮಿತಿಯ ಅಧ್ಯಕ್ಷರಿಗೆ ಪತ್ರ ಬರೆದೆ. ಭರವಸೆ ಈಡೇರಿದೆ ಎಂದು ತಾವು ಪರಿಗಣಿಸಿರುವುದರಿಂದ, ಈಡೇರಿದ ಭರವಸೆಯ ಮೇಲೆ ನಡೆದು ಹಳ್ಳ ದಾಟಲು ತಾವು ಒಮ್ಮೆ ದಯಮಾಡಿಸಬೇಕು, ಆರಿದ್ರಾ ಮಳೆಯ ಸಮಯವಾದರೆ ಉತ್ತಮ ಎಂದು ವಿನಯದಿಂದಲೇ ಬರೆದೆ. ಅಂಚೆ ಕಚೇರಿಗೆ ಹೋಗಿ ರಿಜಿಸ್ಟರ್ ಮಾಡಿಸಬೇಕೆಂದಿದ್ದೆ, ಆದರೆ ಅಂಚೆ ಕಚೇರಿ ಇರುವುದು ಹಳ್ಳದ ಈಚೆ, ನಾನಿರುವುದು ಆಚೆ. ಎರಡು ದಿನ ಬಿಡದೆ ಸುರಿದು ನೀರು ದಬ್ಬೆಯ ಮಟ್ಟಕ್ಕೆ ಬಂದಿತ್ತು. ಮೂರನೆಯ ದಿನ ಬೆಳಿಗ್ಗೆ ಹೋಗಿ ನೋಡಿದರೆ ಸಂಕದ ಒಂದು ಮರ ಇರಲಿಲ್ಲ. ಪತ್ರ ಇನ್ನೂ ಮೇಜಿನ ಮೇಲೆಯೇ ಇದೆ. ಮಳೆ ಹೊಳವಾದರೆ ನಾಳೆ ನಾಲ್ಕು ಜನ ಸೇರಿ ತೋಟದ ಅಂಚಿನ ಒಣಗಿದ ಅಡಿಕೆ ಮರವೊಂದನ್ನು ಕಡಿಯುವವರಿದ್ದೇವೆ.