ಸಿಡ್ನಿ ಸೇತುವೆಯಿಂದ ಇಳಿದದ್ದು ರಾಷ್ಟ್ರಧ್ವಜವಲ್ಲ

"ಸಿಡ್ನಿ ಹಾರ್ಬರ್ ಸೇತುವೆಯಲ್ಲಿ ಆಸ್ಟ್ರೇಲಿಯಾದ ರಾಷ್ಟ್ರಧ್ವಜ ಇಳಿಸಿ ಮೂಲನಿವಾಸಿಗಳ ಧ್ವಜ ಹಾರಿಸಿದ್ದಾರೆ" ಎಂಬ ಮಾತು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಸುಳ್ಳು. 2022ರಲ್ಲಿ ಇಳಿದದ್ದು ನ್ಯೂ ಸೌತ್ ವೇಲ್ಸ್ ರಾಜ್ಯಧ್ವಜ. ರಾಷ್ಟ್ರಧ್ವಜ ಪಕ್ಕದ ಕಂಬದಲ್ಲೇ ಇದೆ. ಮೂಲನಿವಾಸಿಗಳ ಧ್ವಜಕ್ಕೆಂದೇ ಮೂರನೇ ಕಂಬ ನಿಲ್ಲಿಸಲು 2.5 ಕೋಟಿ ಆಸ್ಟ್ರೇಲಿಯನ್ ಡಾಲರ್ ಬೇಕೆಂದಾಗ ಜನ ಸಿಟ್ಟಾದರು. ಹಾಗಾಗಿ ಸರ್ಕಾರ ಇದ್ದ ಎರಡು ಕಂಬಗಳಲ್ಲೇ ಹೊಂದಿಸಿತು. ಸರಿಯಾದ ನಿರ್ಧಾರವೇ.

ಕಪ್ಪು, ಕೆಂಪು, ನಡುವೆ ಹಳದಿ ಸೂರ್ಯನಿರುವ ಮೂಲನಿವಾಸಿಗಳ ಧ್ವಜವನ್ನು ಕಲಾವಿದ ಹೆರಾಲ್ಡ್ ಥಾಮಸ್ ರಚಿಸಿದರು. 1971ರಲ್ಲಿ ಅಡಿಲೇಡ್‌ನಲ್ಲಿ ಮೊದಲು ಹಾರಿತು. ಆಸ್ಟ್ರೇಲಿಯಾದ ಉತ್ತರಕ್ಕಿರುವ ಟೊರೆಸ್ ಜಲಸಂಧಿಯ ದ್ವೀಪವಾಸಿಗಳ ಧ್ವಜಕ್ಕೂ ಇದಕ್ಕೂ 1995ರಲ್ಲೇ ಧ್ವಜ ಕಾಯ್ದೆಯಡಿ ಮಾನ್ಯತೆ ಸಿಕ್ಕಿದೆ. ಒಟ್ಟಿಗೆ ಹಾರಿಸುವಾಗ ಎದುರು ನಿಂತವರ ಎಡಕ್ಕೆ ರಾಷ್ಟ್ರಧ್ವಜ. ಒಂದೇ ಕಂಬಕ್ಕೆ ಎರಡು ಧ್ವಜ ಕಟ್ಟುವಂತಿಲ್ಲ.